ಮಕ್ಕಳಿಗೆ ಸಂಗೀತದ ಶಾಸ್ತ್ರ ಬಂದಿದೆಯಾ? ಯಾವ ಪರೀಕ್ಷೆ ಯಾರಿಗೆ ಹೊಂದುತ್ತದೆ

"ಖಂಡ ಜಾತಿ ಲಘು ಅಂದರೇನು?" ಎಂದು ನನ್ನ ಸಂಗೀತ ಪಾಠಕ್ಕೆ ಬರುವ ಹುಡುಗಿಯನ್ನು ಕೇಳಿದೆ. ಲಘು ಎಂದರೆ ತಾಳದ ಒಂದು ಭಾಗ, ಅದರಲ್ಲಿ ಎಷ್ಟು ಎಣಿಕೆ (ಅಕ್ಷರ) ಎಂಬುದನ್ನು ಜಾತಿ ಹೇಳುತ್ತದೆ. "ಒಂದು ಪೆಟ್ಟು, ಆಮೇಲೆ ಬೆರಳೆಣಿಕೆ, ಒಟ್ಟು ಐದು ಅಕ್ಷರ ಮಿಸ್" ಎಂದು ಹುಡುಗಿ ಒಂದೇ ಉಸಿರಿಗೆ ಹೇಳಿದಳು. ಸರಿ, ಹಾಕಿ ತೋರಿಸು ಅಂದೆ. ತೊಡೆಯ ಮೇಲೆ ಒಂದು ಪೆಟ್ಟು ಹಾಕಿದಳು. ಕಿರುಬೆರಳಿಂದ ಶುರು ಮಾಡಿ ಹೆಬ್ಬೆರಳಿನ ತನಕ ಐದೂ ಬೆರಳು ಎಣಿಸಿದಳು. ಆರಾಯಿತು. ಅವಳಿಗೆ ಅದು ಗೊತ್ತೇ ಆಗಲಿಲ್ಲ. ನಗುತ್ತಾ ನನ್ನ ಮುಖ ನೋಡಿದಳು.

ಹಿಂದಿನ ವಾರ ನಾನೇ ಕೊಟ್ಟಿದ್ದ ಬರಹದ ಟೆಸ್ಟಿನಲ್ಲಿ ಅವಳಿಗೆ 25ಕ್ಕೆ 24 ಬಂದಿತ್ತು. ತಾಳದ ಪ್ರಶ್ನೆಗೆ ಪೂರ್ತಿ ಅಂಕ. ತಪ್ಪು ಅವಳದ್ದಲ್ಲ, ನನ್ನ ಪ್ರಶ್ನೆಪತ್ರಿಕೆಯದು. ಹಾಡದೆ, ಕೈ ಆಡಿಸದೆ, ಒಳಗೊಳಗೇ ಗುನುಗದೆ ಉತ್ತರ ಬರೆಯಬಹುದಾದ ಪ್ರಶ್ನೆ ಕೊಟ್ಟರೆ ಗೊತ್ತಾಗುವುದು ಬಾಯಿಪಾಠ ಎಷ್ಟಿದೆ ಎಂಬುದು ಮಾತ್ರ.

ಅಲ್ಲಿಂದ ನಾನು ಪರೀಕ್ಷೆಯ ರೀತಿಗಳನ್ನೆಲ್ಲ ಒಂದೊಂದಾಗಿ ಹಚ್ಚಿ ನೋಡಿದ್ದೇನೆ. ಮನೆಯಲ್ಲಿ ಪಾಠ ಮಾಡುವವರಿಗೆ, ಮಗು ಕಲಿಯುತ್ತಿದೆಯೋ ಸುಮ್ನೆ ಹೋಗಿ ಬರುತ್ತಿದೆಯೋ ಎಂದು ಯೋಚಿಸುವ ಅಪ್ಪ ಅಮ್ಮಂದಿರಿಗೆ ಇದು ಉಪಯೋಗಕ್ಕೆ ಬರಬಹುದು. ಮೊದಲ ಪಾಠವಾದ ಸರಳೆ ವರಸೆಯಿಂದ ಪುಟ್ಟ ಹಾಡುಗಳಾದ ಗೀತೆಯವರೆಗೆ ಇರುವವರನ್ನು ಆರಂಭದವರು ಎನ್ನುತ್ತೇನೆ. ಅದರ ಮುಂದಿನ ಸ್ವರಜತಿ, ವರ್ಣ, ಒಂದೆರಡು ಕೃತಿ ಆದವರನ್ನು ಮಧ್ಯಮದವರು. ನಾನು ಹೇಳಿಕೊಡುವುದು ಕರ್ನಾಟಕ ಸಂಗೀತ. ಆದರೆ ಈಗ ಅರ್ಧ ಮಕ್ಕಳು ಇನ್ನೊಂದು ಕಡೆ ಕೀಬೋರ್ಡ್ ಕ್ಲಾಸಿಗೂ ಹೋಗುತ್ತಾರೆ, ಹಾಗಾಗಿ ಆ ಕಡೆಯ ಮಾತೂ ಬರುತ್ತದೆ.

ಎದುರು ಕೂರಿಸಿಕೊಂಡು ಕೇಳುವುದು

ಆರಂಭದವರಿಗೆ ನನ್ನ ಓಟು ಇದಕ್ಕೇ. ಪೆನ್ನು ಬೇಡ, ಪೇಪರ್ ಬೇಡ. ಶ್ರುತಿ ಪೆಟ್ಟಿಗೆ ಹಾಕಿ, ಮಗುವನ್ನು ಎದುರು ಕೂರಿಸಿಕೊಂಡು ಎಂಟು ನಿಮಿಷ ಮಾತಾಡಿದರೆ ಸಾಕು.

ನಾನು ಕೇಳುವುದು ಹೀಗೆ. ಆದಿ ತಾಳ ಹಾಕುತ್ತಾ ನಿನ್ನ ಹೆಸರು, ಊರು ಹೇಳು. ತಾಳ ತಪ್ಪದೆ ಹೇಳಿದರೆ ತಾಳ ಕೈಗೆ ಇಳಿದಿದೆ ಎಂದರ್ಥ. ತಪ್ಪಿದರೆ ಕೈ ಇನ್ನೂ ಬಾಯಿಯ ಹಿಂದೆ ಓಡುತ್ತಿದೆ. ಆಮೇಲೆ ಮಿಶ್ರ ಲಘು ತೋರಿಸು ಎನ್ನುತ್ತೇನೆ. ಒಂದು ಪೆಟ್ಟು, ಐದು ಬೆರಳು, ಮತ್ತೆ ಕಿರುಬೆರಳಿಗೆ ವಾಪಸ್ ಬರಬೇಕು, ಆಗ ಏಳು. ಹೆಬ್ಬೆರಳು ಮುಟ್ಟಿದ ಮೇಲೆ ಮಗು ಏನು ಮಾಡುತ್ತದೆ ಎಂದು ನೋಡುವುದೇ ಪರೀಕ್ಷೆ. ಕೆಲವರು ಅಲ್ಲಿ ನಿಂತುಬಿಡುತ್ತಾರೆ. ಕೆಲವರು ಇನ್ನೊಂದು ಪೆಟ್ಟು ಹಾಕಿ ಏಳು ಮಾಡುತ್ತಾರೆ. ಲೆಕ್ಕ ಸರಿ, ಲಘು ತಪ್ಪು.

ನನಗೆ ತುಂಬ ಇಷ್ಟವಾದ ಪ್ರಶ್ನೆ ಇನ್ನೊಂದಿದೆ. "ಸಪ್ತತಾಳದ ಅಲಂಕಾರಗಳಲ್ಲಿ 14 ಅಕ್ಷರದ್ದು ಎರಡಿವೆ, ಯಾವುವು?" ಚತುರಶ್ರ ಜಾತಿ ಧ್ರುವ, ಖಂಡ ಜಾತಿ ಅಟ್ಟ. ಧ್ರುವದಲ್ಲಿ ನಾಲ್ಕರ ಲಘು, ಒಂದು ದ್ರುತ (ಎರಡು ಅಕ್ಷರದ ಭಾಗ), ಮತ್ತೆರಡು ಲಘು. ಅಟ್ಟದಲ್ಲಿ ಐದರ ಎರಡು ಲಘು, ಎರಡು ದ್ರುತ. ಹೀಗೆ ಬಾಯಲ್ಲಿ ಹೇಳಿದರೆ ಅರ್ಧ ಉತ್ತರ. ಎರಡನ್ನೂ ಕೈಯಲ್ಲಿ ಹಾಕಿ ತೋರಿಸಿದಾಗ ಉಳಿದರ್ಧ. 14 ಒಂದೇ, ನಡೆದುಕೊಂಡು ಹೋಗುವ ದಾರಿ ಬೇರೆ ಎನ್ನುವುದು ಮಗುವಿನ ಮುಖದಲ್ಲಿ ಕಾಣುತ್ತದೆ. ಹತ್ತರ ಜೋಡಿಯೂ ಇದೆ, ಮಠ್ಯ ಮತ್ತು ಮಿಶ್ರ ಝಂಪೆ. ಅದನ್ನು ಮುಂದಿನ ವಾರಕ್ಕೆ ಉಳಿಸಿಕೊಳ್ಳಿ.

ತೊಂದರೆ ಇಲ್ಲವೇ ಎಂದರೆ ಇದೆ. ಹನ್ನೆರಡು ಮಕ್ಕಳಿದ್ದರೆ ಒಂದೂವರೆ ಗಂಟೆ ಬೇಕು. ನಾಚಿಕೆಯ ಮಗು ಗೊತ್ತಿದ್ದೂ ಬಾಯಿ ಬಿಡುವುದಿಲ್ಲ. ಅಮ್ಮ ಪಕ್ಕದಲ್ಲಿ ಕೂತಿದ್ದರಂತೂ ಮುಗಿಯಿತು, ಮಗು ನನ್ನ ಕಡೆ ನೋಡುವುದಕ್ಕಿಂತ ಅಮ್ಮನ ತುಟಿ ನೋಡುವುದೇ ಜಾಸ್ತಿ. ಪರೀಕ್ಷೆಯ ದಿನ ದೊಡ್ಡವರನ್ನು ಹೊರಗಿನ ಜಗಲಿಯಲ್ಲಿ ಕೂರಿಸಿ ಕಾಫಿ ಕೊಡುತ್ತೇನೆ. ಅಂಕವನ್ನೂ ಕೊಡುವುದಿಲ್ಲ. ಹಾಜರಿ ಪುಸ್ತಕದಲ್ಲಿ ಮೂರು ಗುರುತು ಸಾಕು: ಬಂತು, ಎಳೆದುಕೊಂಡು ಬಂತು, ಬರಲಿಲ್ಲ.

ಬರೆಯುವ ಪ್ರಶ್ನೆಪತ್ರಿಕೆ

ಮೇಲಿನ ಕತೆ ಕೇಳಿ ನಾನು ಬರಹದ ಪರೀಕ್ಷೆಗೆ ವಿರೋಧ ಎಂದುಕೊಳ್ಳಬೇಡಿ. ಮಧ್ಯಮದವರಿಗೆ ಅದು ಬೇಕೇ ಬೇಕು. ಮೇಳಕರ್ತದ, ಅಂದರೆ 72 ತಾಯಿ ರಾಗಗಳ, ಲೆಕ್ಕವನ್ನು ಬಾಯಲ್ಲಿ ಕೇಳಿ ತಿಳಿಯಲು ಹೋದರೆ ಸಂಜೆಯಾಗುತ್ತದೆ. ಪ್ರಶ್ನೆ ಹೇಗಿದೆ ಎನ್ನುವುದು ಮುಖ್ಯ.

"ಪುರಂದರದಾಸರನ್ನು ಕರ್ನಾಟಕ ಸಂಗೀತ ಪಿತಾಮಹ ಎಂದು ಏಕೆ ಕರೆಯುತ್ತಾರೆ?" ಎಂದು ಕೇಳಿದರೆ ಇಡೀ ತರಗತಿಯಿಂದ ಒಂದೇ ಉತ್ತರ ಬರುತ್ತದೆ, ಕಾಗುಣಿತದ ತಪ್ಪು ಕೂಡ ಒಂದೇ. ಅದರ ಬದಲು ಹೀಗೆ ಕೇಳಿ: ಸರಳೆ ವರಸೆಯನ್ನು ಮಾಯಾಮಾಳವಗೌಳ ರಾಗದಲ್ಲೇ ಕಲಿಸುವುದರಿಂದ ಏನು ಅನುಕೂಲ? 'ಸ'ದಿಂದ 'ಮ'ದವರೆಗಿನ ಅಂತರಗಳನ್ನೂ 'ಪ'ದಿಂದ ಮೇಲಿನ 'ಸ'ದವರೆಗಿನ ಅಂತರಗಳನ್ನೂ ಬರೆದು ಹೋಲಿಸು. ಮಗು ಹಾರ್ಮೋನಿಯಮ್ಮಿನ ಮನೆಗಳನ್ನು (ಒತ್ತುವ ಕೀಗಳನ್ನು) ನೆನಪು ಮಾಡಿಕೊಂಡು ಒಂದು, ಮೂರು, ಒಂದು ಎಂದು ಬರೆಯುತ್ತದೆ. 'ಪ'ದಿಂದ ಮೇಲಕ್ಕೂ ಒಂದು, ಮೂರು, ಒಂದು. ಎರಡು ಅರ್ಧವೂ ಒಂದೇ ಅಳತೆ. ಕೆಳಗಿನ ಅರ್ಧ ಗಂಟಲಿಗೆ ಕೂತರೆ ಮೇಲಿನ ಅರ್ಧಕ್ಕೆ ಅದೇ ದಾರಿ. ಈ ಪಾಠದ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಎನ್ನುತ್ತಾರೆ, ಹಾಗಾಗಿ ಇದನ್ನು ತಾನೇ ಕಂಡುಕೊಂಡ ಮಗುವಿಗೆ ಪಿತಾಮಹ ಎಂಬ ಮಾತಿಗೂ ಅರ್ಥ ಬರುತ್ತದೆ.

ಮೇಳಕರ್ತಕ್ಕೆ ಬರೋಣ. 72 ಹೆಸರು ಬಾಯಿಪಾಠ ಒಪ್ಪಿಸುವುದು ಒಂದು ಬಗೆ. ಮನೆಗೆ ನೆಂಟರು ಬಂದಾಗ ಚೆನ್ನಾಗಿರುತ್ತದೆ. ನನಗೆ ಬೇಕಾದ್ದು ಇಷ್ಟೇ: ನಂಬರ್ ಕೊಡುತ್ತೇನೆ, ಸ್ವರ ಬರೆ. 29 ಎಂದರೆ ಮೊದಲ 36ರ ಒಳಗೆ, ಹಾಗಾಗಿ ಶುದ್ಧ ಮಧ್ಯಮ. ಚಕ್ರ ಎಂಬ ಗುಂಪಿಗೆ ಆರು ಮೇಳದಂತೆ ಲೆಕ್ಕ ಹಾಕಿದರೆ ಐದನೇ ಚಕ್ರ, ಅಂದರೆ ಬಾಣ. ಐದನೇ ಚಕ್ರಕ್ಕೆ ಚತುಶ್ರುತಿ ರಿಷಭ, ಅಂತರ ಗಾಂಧಾರ. ಆ ಚಕ್ರದಲ್ಲೂ ಅದು ಐದನೆಯ ಮೇಳ, ಹಾಗಾಗಿ ಚತುಶ್ರುತಿ ಧೈವತ, ಕಾಕಲಿ ನಿಷಾದ. ಶಂಕರಾಭರಣ ಸಿಕ್ಕಿತು. ತಕ್ಷಣ ಮುಂದಿನ ಪ್ರಶ್ನೆ: 65? ಪದ್ಧತಿ ಅರ್ಥವಾದ ಮಗು 65ರಲ್ಲಿ 36 ಕಳೆದು 29 ಎಂದು ನೋಡಿ, ಮಧ್ಯಮ ಒಂದನ್ನೇ ಬದಲಿಸಿ ಎದ್ದುಬಿಡುತ್ತದೆ. ಅರ್ಥವಾಗದ ಮಗು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಎರಡೂ ಉತ್ತರ ಸರಿ ಇರಬಹುದು. ಹಾಳೆಯ ಅಂಚಿನ ಲೆಕ್ಕ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಅದಕ್ಕೇ ನಾನು ರಫ್ ಕೆಲಸ ಅಳಿಸಲು ಬಿಡುವುದಿಲ್ಲ.

ಹೆಸರಿನ ಮೊದಲ ಎರಡು ಅಕ್ಷರದಿಂದ ಮೇಳದ ನಂಬರ್ ತೆಗೆಯುವ ಕಟಪಯಾದಿಯಲ್ಲೂ ಹಾಗೇ. ಮಾಯಾಮಾಳವಗೌಳದ ಮಾ ಐದು, ಯಾ ಒಂದು, ತಿರುಗಿಸಿದರೆ 15. ಇದು ಎಲ್ಲರಿಗೂ ಬರುತ್ತದೆ. ರತ್ನಾಂಗಿ ಕೊಡಿ. ತ್ನ ಎಂಬ ಒತ್ತಕ್ಷರದಲ್ಲಿ ಕೊನೆಯ ನ ಹಿಡಿಯಬೇಕು, ನ ಅಂದರೆ ಸೊನ್ನೆ, ಹಾಗಾಗಿ 2. ಈಗ ಅದೇ ನಿಯಮದಲ್ಲಿ ಚಕ್ರವಾಕ ಮಾಡು ಎನ್ನಿ. ಕ್ರದಲ್ಲಿ ರ ಹಿಡಿದರೆ 26 ಬರುತ್ತದೆ. ಆದರೆ ಚಕ್ರವಾಕ 16. ಇಲ್ಲಿ ಕ ಹಿಡಿಯಬೇಕು. ನಿಯಮಕ್ಕೆ ಒಗ್ಗದ ಹೆಸರು ಇದು, ಹೀಗೆ ಇನ್ನೂ ಕೆಲವಿವೆ. ಮಧ್ಯಮದ ಮಕ್ಕಳಿಗೆ ಈ ಪ್ರಶ್ನೆ ಕೊಟ್ಟು "26ನೇ ಮೇಳದ ಸ್ವರ ಬರೆದು ನೋಡು, ನೀನು ಹಾಡುವ ಚಕ್ರವಾಕಕ್ಕೆ ಹೊಂದುತ್ತದಾ?" ಎಂದು ಕೇಳುತ್ತೇನೆ. ಹಾಡಿ ನೋಡದೆ ಇದಕ್ಕೆ ಉತ್ತರವಿಲ್ಲ.

ಇನ್ನೊಂದು: ಮೋಹನದಲ್ಲಿ ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಹಾಗಿದ್ದ ಮೇಲೆ ಅದನ್ನು 28ರ ಜನ್ಯ, ಅಂದರೆ 28ನೇ ಮೇಳದಿಂದ ಹುಟ್ಟಿದ ರಾಗ, ಎಂದದ್ದು ಹೇಗೆ, 29 ಯಾಕಾಗಬಾರದು? ಹದಿಮೂರರ ಹುಡುಗನೊಬ್ಬ "ಸ್ವರ ಮಾತ್ರ ನೋಡಿದರೆ 29 ಕೂಡ ಆಗಬಹುದು, 65 ಕೂಡ ಆಗಬಹುದು, ಪುಸ್ತಕದಲ್ಲಿ 28 ಅಂತ ಇದೆ ಅಷ್ಟೆ" ಎಂದು ಬರೆದಿದ್ದ. ಪೂರ್ತಿ ಅಂಕ ಕೊಟ್ಟೆ. ಅವನ ಅಮ್ಮ ಫೋನ್ ಮಾಡಿ, ಪುಸ್ತಕದ ಉತ್ತರ ಬರೆಯದಿದ್ದರೂ ಯಾಕೆ ಕೊಟ್ಟಿರಿ ಎಂದು ಕೇಳಿದರು.

ಸ್ವರಲಿಪಿ ಪರೀಕ್ಷೆ

ಒಂದನ್ನೇ ಇಟ್ಟುಕೊಳ್ಳಿ ಎಂದು ಯಾರಾದರೂ ನನಗೆ ಕಟ್ಟು ಹಾಕಿದರೆ ಇದನ್ನೇ ಇಟ್ಟುಕೊಳ್ಳುತ್ತೇನೆ. ಆರಂಭದ ಕೊನೆಯಲ್ಲಿರುವವರು, ಮಧ್ಯಮದವರು ಇಬ್ಬರಿಗೂ ಆಗುತ್ತದೆ. ಖರ್ಚಿಲ್ಲ. ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಬಾಯಿಪಾಠದಿಂದ ಪಾರಾಗಲು ಸಾಧ್ಯವೇ ಇಲ್ಲ.

"ಶ್ರೀ ಗಣನಾಥ" ಗೀತೆ ಎಲ್ಲ ಮಕ್ಕಳಿಗೂ ಬರುತ್ತದೆ. ಮಲಹರಿ ರಾಗ, ರೂಪಕ ತಾಳ. ಮೊದಲ ಎರಡು ಆವರ್ತದ (ತಾಳದ ಪೂರ್ತಿ ಸುತ್ತಿನ) ಸ್ವರವನ್ನು ಗೆರೆ ಇಲ್ಲದೆ ಹೀಗೆ ಬರೆದು ಕೊಡುತ್ತೇನೆ:

ಮ ಪ ದ ಸ ಸ ರಿ ರಿ ಸ ದ ಪ ಮ ಪ

ತಾಳದ ಗೆರೆ ಎಳೆ, ಮೇಲಿನ ಸ್ಥಾಯಿಗೆ, ಅಂದರೆ ಎತ್ತರದ 'ಸ' ಮತ್ತು ಅದರಾಚೆಗೆ, ಹೋದ ಸ್ವರಗಳ ತಲೆ ಮೇಲೆ ಚುಕ್ಕೆ ಇಡು. ಇಷ್ಟೇ ಪ್ರಶ್ನೆ. ಸರಿಯಾದದ್ದು ಹೀಗಿರಬೇಕು:

ಮ ಪ | ದ ಸ ಸ ರಿ || ರಿ ಸ | ದ ಪ ಮ ಪ ||

ಇದರಲ್ಲಿ ನಡುವಿನ ಸ ಸ ರಿ ರಿ ಸ, ಈ ಐದಕ್ಕೂ ಮೇಲೆ ಚುಕ್ಕೆ.

ಈಗ ತಪ್ಪುಗಳನ್ನು ನೋಡಿ. ಒಂದು ಮಗು ಮ ಪ ದ ಸ ಆದ ಮೇಲೆ ಗೆರೆ ಎಳೆದು, ಸ ರಿ ಆದ ಮೇಲೆ ಎರಡು ಗೆರೆ ಎಳೆಯುತ್ತದೆ. ಒಟ್ಟು ಆರು ಅಕ್ಷರ ಸರಿಯಾಗಿಯೇ ಇದೆ. ಆದರೆ ಲಘು ಮುಂದೆ, ದ್ರುತ ಹಿಂದೆ. ರೂಪಕಕ್ಕೆ ಆರು ಎಂದು ಗೊತ್ತು, ದ್ರುತ ಮೊದಲು ಎಂದು ಕೈಗೆ ಗೊತ್ತಿಲ್ಲ. ಇನ್ನೊಂದು ಮಗು ಗೆರೆಗಳನ್ನೆಲ್ಲ ಸರಿಯಾಗಿ ಎಳೆದು ಚುಕ್ಕೆಯನ್ನು ರಿ ಮೇಲೆ ಮಾತ್ರ ಇಡುತ್ತದೆ. ಅದಕ್ಕೆ ತಾಳ ಬಂದಿದೆ, ಸ್ಥಾಯಿಯ ಅರಿವು ಬಂದಿಲ್ಲ. ಮೂರನೆಯದು ಎಲ್ಲ ಗೆರೆಯನ್ನೂ ನಾಲ್ಕು ನಾಲ್ಕಕ್ಕೆ ಎಳೆಯುತ್ತದೆ. ಆ ಮಗು ಹಾಡನ್ನು ಮನಸ್ಸಿನಲ್ಲಿ ಹಾಡಿಕೊಂಡೇ ಇಲ್ಲ, ಆದಿ ತಾಳದ ರೂಢಿಯಲ್ಲಿ ಎಳೆದಿದೆ. ಮೂವರಿಗೂ ಬರಹದ ಪತ್ರಿಕೆಯಲ್ಲಿ "ರೂಪಕ ತಾಳದ ಅಂಗಗಳು ಯಾವುವು?" ಎಂದು ಕೇಳಿದ್ದರೆ ದ್ರುತ, ಲಘು ಎಂದೇ ಬರೆಯುತ್ತಿದ್ದರು.

ಮೂರನೇ, ನಾಲ್ಕನೇ ಆವರ್ತದಲ್ಲಿ ಇನ್ನೊಂದು ಸೊಗಸಿದೆ. ರಿ ಮ | ಪ ದ ಮ ಪ || ದ ಪ | ಮ ಗ ರಿ ಸ ||. "ಇಲ್ಲಿ ಗಾಂಧಾರ ಎಷ್ಟು ಸಲ ಬಂತು? ಹತ್ತುವಾಗಲೋ ಇಳಿಯುವಾಗಲೋ?" ಒಂದೇ ಸಲ, ಇಳಿಯುವಾಗ. ಮಲಹರಿಯ ಆರೋಹಣದಲ್ಲಿ ಗ ಇಲ್ಲ, ನಿ ಎರಡು ಕಡೆಯೂ ಇಲ್ಲ ಎಂಬ ಲಕ್ಷಣವನ್ನು ನಾನು ಹೇಳಿಕೊಡುವ ಮೊದಲೇ ಮಗು ಹಾಡಿನಿಂದ ಹೆಕ್ಕುತ್ತದೆ. ಮಧ್ಯಮದವರಿಗೆ ಇದೇ ಪ್ರಶ್ನೆಯನ್ನು ಬಿಲಹರಿಯ ಸ್ವರಜತಿಯಲ್ಲಿ ಕೊಡಿ. ಹತ್ತುವಾಗ ಮೋಹನದ ಹಾಗೆ, ಇಳಿಯುವಾಗ ಶಂಕರಾಭರಣದ ಹಾಗೆ ಎಂದು ಅವರೇ ಹೇಳಲಿ.

ಒಂದು ಎಚ್ಚರಿಕೆ. ಬರೀ ಕೇಳಿ ಕಲಿಯುವ, ಓದಲು ಇನ್ನೂ ತೊದಲುವ ಏಳು ವರ್ಷದ ಮಗುವಿಗೆ ಇದನ್ನು ಕೊಡಬೇಡಿ. ಅಲ್ಲಿ ಸೋಲುವುದು ಅಕ್ಷರ, ಸಂಗೀತವಲ್ಲ.

ಮೊಬೈಲ್ ಕ್ವಿಝ್, ಸರಿ ಉತ್ತರಕ್ಕೆ ಟಿಕ್

ಗೂಗಲ್ ಫಾರ್ಮಿನಲ್ಲಿ ಹತ್ತು ಪ್ರಶ್ನೆ ಹಾಕಿ ವಾಟ್ಸಾಪ್ ಗುಂಪಿಗೆ ಕಳಿಸಿದರೆ ಅಂಕ ತಾನೇ ಬರುತ್ತದೆ. ತಿದ್ದುವ ಕೆಲಸವಿಲ್ಲ. ಇದರಿಂದಲೇ ಎಲ್ಲರೂ ಇದರ ಮೇಲೆ ಬೀಳುತ್ತಾರೆ. ಮರೆತದ್ದನ್ನು ನೆನಪಿಸಲು ಒಳ್ಳೆಯದು, ಬಂದಿದೆಯೋ ಇಲ್ಲವೋ ತಿಳಿಯಲು ಸಾಲದು. ಮನೆಯಲ್ಲಿ ಅಕ್ಕ ಹೇಳಿಕೊಟ್ಟಳೋ ಗೂಗಲ್ ಹೇಳಿಕೊಟ್ಟಿತೋ ಯಾರಿಗೆ ಗೊತ್ತು?

ಮಾಡುವುದೇ ಆದರೆ ತಪ್ಪು ಉತ್ತರಗಳನ್ನು ಯೋಚಿಸಿ ಇಡಿ. ಖಂಡ ಜಾತಿ ಅಟ್ಟ ತಾಳಕ್ಕೆ ಎಷ್ಟು ಅಕ್ಷರ ಎಂಬ ಪ್ರಶ್ನೆಗೆ 14ರ ಜೊತೆ 20, 35, 72 ಎಂದು ಇಟ್ಟರೆ ಏನೂ ತಿಳಿಯುವುದಿಲ್ಲ. 9, 12, 16 ಇಡಿ. 9 ಒತ್ತಿದ ಮಗು ಒಂದು ಲಘುವನ್ನು ಬಿಟ್ಟಿದೆ. 12 ಒತ್ತಿದ್ದು ಒಂದು ದ್ರುತ ಬಿಟ್ಟಿದೆ. 16 ಒತ್ತಿದ ಮಗು ಐದರ ಲಘುವಿಗೆ ಪೆಟ್ಟಿನ ಮೇಲೆ ಐದು ಬೆರಳು ಎಣಿಸುತ್ತಿದೆ. ನಮ್ಮ 25ಕ್ಕೆ 24ರ ಹುಡುಗಿಯೂ ಲೆಕ್ಕವನ್ನು ಕೈಯಲ್ಲಿ ಹಾಕಿ ನೋಡಿದ್ದರೆ ಇಲ್ಲಿ ಸಿಕ್ಕಿಬೀಳುತ್ತಿದ್ದಳು.

ಇಂಟರ್ನೆಟ್ಟಿನಲ್ಲಿ ಸಿಗುವ ಸಿದ್ಧ ಕ್ವಿಝ್‌ಗಳಲ್ಲಿ ಒಂದು ಗುಂಡಿ ಇದೆ. "ರೂಪಕ ತಾಳಕ್ಕೆ ಎಷ್ಟು?" ಎಂದು ಕೇಳುತ್ತಾರೆ. ನಮ್ಮಲ್ಲಿ ಆರು. ಹಿಂದುಸ್ತಾನಿಯಲ್ಲಿ ಏಳು ಮಾತ್ರೆ, ಅದೂ ಖಾಲಿಯಿಂದ (ಪೆಟ್ಟಿಲ್ಲದ ಭಾಗದಿಂದ) ಶುರು. ಶುದ್ಧ ರಿಷಭ ಎಂದರೆ ನಮ್ಮಲ್ಲಿ 'ಸ'ದ ಪಕ್ಕದ ಮನೆ, ಅವರು ಅದನ್ನು ಕೋಮಲ ಎನ್ನುತ್ತಾರೆ. ಅವರ ಶುದ್ಧ ರಿಷಭ ನಮ್ಮ ಚತುಶ್ರುತಿ ರಿಷಭ. ತೋಡಿ ಎಂದರೆ ಇನ್ನೂ ಗೋಜಲು: ಹಿಂದುಸ್ತಾನಿ ತೋಡಿ ಥಾಟಿನ (ಅವರ ಮೇಳದ) ಸ್ವರಗಳು ನಮ್ಮ ಹನುಮತೋಡಿಯದ್ದಲ್ಲ, ಶುಭಪಂತುವರಾಳಿಯದ್ದು. ಯಾವ ಪದ್ಧತಿ ಎಂದು ಹೇಳದ ಕ್ವಿಝ್ ಮಗುವಿಗೆ ಕೊಡಲೇಬೇಡಿ.

ಕಿವಿಯ ಪರೀಕ್ಷೆ

ಶಾಸ್ತ್ರಕ್ಕೂ ಕಿವಿಗೂ ಏನು ಸಂಬಂಧ ಎಂದು ಕೇಳುವವರು ಇದ್ದಾರೆ. ನನ್ನ ಮಟ್ಟಿಗೆ ಕಿವಿಗೆ ತಲುಪದ ಲಕ್ಷಣ ಬರೀ ಪದ. ಆರಂಭದವರಿಗೆ ಚಿಕ್ಕದು ಸಾಕು. ಎರಡು ಸ್ವರ ಹಾಡುತ್ತೇನೆ, ಎರಡನೆಯದು ಮೇಲೆ ಹೋಯಿತಾ ಕೆಳಗೆ ಬಂತಾ? 'ಸ'ದಿಂದ ಶುರು ಮಾಡಿ ನಾಲ್ಕು ಸ್ವರ ಅಕಾರದಲ್ಲಿ ಹಾಡುತ್ತೇನೆ, ಸ್ವರದ ಹೆಸರು ಹೇಳು. ಮಧ್ಯಮದವರಿಗೆ ಮೋಹನ, ಹಂಸಧ್ವನಿ ಒಟ್ಟಿಗೆ ಇಡಿ. ಸ ರಿ ಗ ಪ ಎರಡಕ್ಕೂ ಒಂದೇ. ಆಮೇಲೆ ಬರುವುದು ಧೈವತವೋ ನಿಷಾದವೋ ಎನ್ನುವುದರಲ್ಲೇ ಎಲ್ಲ. ಶಂಕರಾಭರಣ, ಕಲ್ಯಾಣಿ ಇನ್ನೊಂದು ಜೋಡಿ, ಅಲ್ಲಿ ಮಧ್ಯಮ ಬರುವ ತನಕ ಕಾಯಬೇಕು. ಮಗು ಯಾವ ಸ್ವರದ ಹತ್ತಿರ ಕೈ ಎತ್ತಿತು ಎಂದು ಬರೆದಿಟ್ಟುಕೊಳ್ಳಿ. ಮಧ್ಯಮ ಬರುವ ಮೊದಲೇ "ಕಲ್ಯಾಣಿ" ಎಂದರೆ ಅದು ನಿಮ್ಮ ಮುಖ ನೋಡಿ ಊಹಿಸಿದ್ದು, ಅಥವಾ ನಿಮ್ಮ ಗಮಕ (ಸ್ವರದ ತೂಗಾಟ) ಹಿಡಿದದ್ದು. ಎರಡನೆಯದಾದರೆ ಸಂತೋಷ.

ಕಿವಿ ಪರೀಕ್ಷೆಯ ಆ್ಯಪ್‌ಗಳು ಬಹಳ ಇವೆ. ಮ್ಯೂಸಿಕ್‌ಥಿಯರಿ ಡಾಟ್ ನೆಟ್‌ನಂಥ ತಾಣದಲ್ಲಿ ಅಂತರ ಗುರುತಿಸುವ ಅಭ್ಯಾಸ ಬಿಟ್ಟಿಯಾಗಿಯೇ ಸಿಗುತ್ತದೆ. ಸ್ವರಸ್ಥಾನದ ಅಭ್ಯಾಸಕ್ಕೆ ಬಳಸಿ, ತಪ್ಪಿಲ್ಲ. ರಾಗಕ್ಕೆ ಬೇಡ. ಪಿಯಾನೋದಲ್ಲಿ ತೋಡಿಯ ಸ್ವರಗಳನ್ನು ಒಂದೊಂದೇ ಒತ್ತಿದರೆ ಮನೆಗಳು ಸರಿ ಇರುತ್ತವೆ, ತೋಡಿ ಇರುವುದಿಲ್ಲ.

ಹೊರಗಿನ ಪರೀಕ್ಷೆಗಳು: ಯಾವುದಕ್ಕೆ ಕಟ್ಟಿಸಬೇಕು?

ಅಪ್ಪ ಅಮ್ಮಂದಿರು ಜಾಸ್ತಿ ಕೇಳುವುದು ಇದನ್ನೇ. ಸರ್ಟಿಫಿಕೇಟ್ ಬೇಕು, ಅಲ್ವಾ?

ಕರ್ನಾಟಕ ಸಂಗೀತ ಕಲಿಯುವ ಮಗುವಿಗೆ ನಮ್ಮ ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಇವೆ. ದಶಕಗಳ ಕಾಲ ಇದನ್ನು ನಡೆಸಿದ್ದು ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ. ಆಮೇಲೆ ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯದ ಕೈಗೆ ಬಂತು. ಕನ್ನಡದಲ್ಲೇ ಬರೆಯಬಹುದು, ಹಾಡುವುದೂ ಇದೆ, ಬರೆಯುವುದೂ ಇದೆ. ಇದರ ದೊಡ್ಡ ಗುಣ ಎಂದರೆ ಪಠ್ಯ ನಾವು ಪಾಠ ಮಾಡುವ ದಾರಿಯಲ್ಲೇ ಇದೆ. ಸರಳೆ, ಅಲಂಕಾರ, ಗೀತೆ, ವರ್ಣ. ದೋಷ ಎಂದರೆ ಶಾಸ್ತ್ರದ ಪತ್ರಿಕೆಗೆ ಹಳೆಯ ಪ್ರಶ್ನೆಪತ್ರಿಕೆ ಉರು ಹೊಡೆದರೆ ದಡ ಸೇರಬಹುದು ಎಂಬ ನಂಬಿಕೆ ಊರೆಲ್ಲ ಹಬ್ಬಿದೆ, ಅದು ಪೂರ್ತಿ ಸುಳ್ಳೂ ಅಲ್ಲ. ನನ್ನ ಮಾತು: ವರ್ಣ ಕೈಗೆ ಬರುವ ಮೊದಲು ಸೀನಿಯರ್ ಕಡೆ ಮುಖ ಮಾಡಬೇಡಿ, ಪಕ್ಕದ ಮನೆಯವರ ಮಗಳು ಕಟ್ಟಿದಳು ಎಂದು ಜೂನಿಯರ್ ಕಟ್ಟಬೇಡಿ. ಅರ್ಜಿ ಹಾಕುವ ಮೊದಲು ಆ ವರ್ಷದ ಸುತ್ತೋಲೆ ಓದಿ.

ತುಂಗಭದ್ರೆ ದಾಟಿದರೆ ಹಿಂದುಸ್ತಾನಿ. ಧಾರವಾಡ, ಹುಬ್ಬಳ್ಳಿ ಕಡೆ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆ ಮನೆಮಾತು. ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಶುರು ಮಾಡಿದ ಶಾಲೆಯ ಬಳ್ಳಿ ಇದು, ಮಂಡಲ ಆದದ್ದು 1931ರಲ್ಲಿ. ಪ್ರಾರಂಭಿಕ, ಪ್ರವೇಶಿಕಾ ಪ್ರಥಮ, ಪ್ರವೇಶಿಕಾ ಪೂರ್ಣ, ಮಧ್ಯಮಾ ಎಂದು ಮೆಟ್ಟಿಲು ಸಣ್ಣದು. ನನಗೆ ಹಿಡಿಸುವುದು ಒಂದು: ಮೊದಲ ಮೆಟ್ಟಿಲುಗಳಲ್ಲಿ ಬರೆಯುವ ಪತ್ರಿಕೆ ಇಲ್ಲ, ಹಾಡಿಸಿ ಬಾಯಲ್ಲೇ ಕೇಳುತ್ತಾರೆ. ಬರಹ ಬರುವುದು ಪ್ರವೇಶಿಕಾ ಪೂರ್ಣಕ್ಕೆ. ಚಿಕ್ಕ ಮಕ್ಕಳಿಗೆ ಹೀಗೇ ಇರಬೇಕು. ನಮ್ಮ ಕಡೆಯೂ ಇಂಥ ಸಣ್ಣ ಮೆಟ್ಟಿಲುಗಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಹೊಟ್ಟೆಕಿಚ್ಚು. ಸ್ವರಲಿಪಿಯ ವಿಷಯದಲ್ಲಿ ಮಾತ್ರ ನಿಮ್ಮ ಗುರುಗಳನ್ನು ಕೇಳಿಕೊಳ್ಳಿ. ಪಲುಸ್ಕರರ ಲಿಪಿ ಬೇರೆ, ಹಿಂದುಸ್ತಾನಿಯ ಇನ್ನೊಬ್ಬ ಶಾಸ್ತ್ರಕಾರ ಭಾತಖಂಡೆಯವರ ಲಿಪಿ ಬೇರೆ. ಎರಡನ್ನೂ ಬೆರೆಸಿ ಬರೆದ ಮಗುವಿನ ಉತ್ತರ ಎರಡರಲ್ಲೂ ತಪ್ಪಾಗುತ್ತದೆ.

ಕೀಬೋರ್ಡ್, ಗಿಟಾರ್, ಪಾಶ್ಚಾತ್ಯ ವಯಲಿನ್ ಕಲಿಯುವ ಮಕ್ಕಳಿಗೆ ಲಂಡನ್ನಿನ ಎರಡು ಸಂಸ್ಥೆಗಳು: ಎಬಿಆರ್‌ಎಸ್‌ಎಂ ಮತ್ತು ಟ್ರಿನಿಟಿ. ಎರಡಕ್ಕೂ ಥಿಯರಿಯಲ್ಲಿ ಒಂದರಿಂದ ಎಂಟು ಗ್ರೇಡ್. ಯಾವುದಕ್ಕೆ ಸೇರಿಸಲಿ ಎಂದು ನನ್ನನ್ನು ಕೇಳುವವರಿಗೆ ಹೇಳುವುದು ಮೊದಲು ಒಂದೇ ಸಂಗತಿ, ಗ್ರೇಡ್ 5. ಎಬಿಆರ್‌ಎಸ್‌ಎಂನಲ್ಲಿ ನುಡಿಸುವ ಪರೀಕ್ಷೆಯ ಗ್ರೇಡ್ 6ಕ್ಕೆ ಕೂರಬೇಕಾದರೆ ಸಾಮಾನ್ಯವಾಗಿ ಗ್ರೇಡ್ 5 ಥಿಯರಿ ಪಾಸಾಗಿರಬೇಕು. ಟ್ರಿನಿಟಿಯಲ್ಲಿ ಈ ಗೇಟು ಇಲ್ಲ. ಬೆರಳು ಚುರುಕಾಗಿದ್ದು ಓದು ಹಿಂದಿರುವ ಮಗು ಎಬಿಆರ್‌ಎಸ್‌ಎಂನ ಆ ಗೇಟಿನ ಮುಂದೆ ಒಂದೆರಡು ವರ್ಷ ನಿಂತುಬಿಡುವುದನ್ನು ಕಂಡಿದ್ದೇನೆ. ಗ್ರೇಡ್ 3 ನುಡಿಸುವಾಗಲೇ ಥಿಯರಿ ಜೊತೆಗೆ ನಡೆಸಿದರೆ ಗೇಟು ಗೇಟೇ ಅಲ್ಲ. ಥಿಯರಿ ಬೇಡವೇ ಬೇಡ ಎಂದು ಟ್ರಿನಿಟಿ ಆರಿಸುವುದು ನನಗೆ ಒಪ್ಪಿಗೆ ಇಲ್ಲ, ಮಗುವಿನ ಬಿಡುವಿಗೆ ತಕ್ಕಂತೆ ಮುಂದೆ ಹಾಕಲು ಆರಿಸಿದರೆ ಒಪ್ಪಿಗೆ.

ಎಬಿಆರ್‌ಎಸ್‌ಎಂ ಥಿಯರಿಯ ಒಂದರಿಂದ ಐದು ಗ್ರೇಡ್ ಈಗ ಕಂಪ್ಯೂಟರ್ ಮುಂದೆ ಕೂತು ಮಾಡುವುದು. 75ಕ್ಕೆ 50 ಬಂದರೆ ಪಾಸ್. ಟ್ರಿನಿಟಿಯಲ್ಲಿ 100ಕ್ಕೆ 60. ಆರಿಸಿ ಗುರುತು ಹಾಕುವ ಪ್ರಶ್ನೆ ಜಾಸ್ತಿ ಇರುವ ಕಡೆ ಮಗು ಊಹೆಯಿಂದಲೂ ಸ್ವಲ್ಪ ದೂರ ಹೋಗುತ್ತದೆ. ಹಾಗಾಗಿ ಮನೆಯಲ್ಲಿ ಅಭ್ಯಾಸ ಮಾಡಿಸುವಾಗ ಆಯ್ಕೆಗಳನ್ನು ಕೈಯಿಂದ ಮುಚ್ಚಿ, ಮೊದಲು ಉತ್ತರ ಬರೆಸಿ.

ಎರಡೂ ಕಲಿಯುವ ಮಗು ಇದ್ದರೆ ನನ್ನಲ್ಲಿ ಒಂದು ಪ್ರಶ್ನೆ ಇದೆ. ಕೀಬೋರ್ಡಿನಲ್ಲಿ 'ಸ' ಎನ್ನುವುದು ಸಿ (C) ಮನೆ ಆದರೆ ಶಂಕರಾಭರಣ ಎಂದರೆ ಬಿಳಿ ಮನೆಗಳು, ಇದು ಎಲ್ಲರಿಗೂ ಬರುತ್ತದೆ. "ನಿನ್ನ 'ಸ' ಜಿ (G) ಆದರೆ ಅಂತರ ಗಾಂಧಾರ ಯಾವ ಮನೆ?" ಬಿ. "ಕಾಕಲಿ ನಿಷಾದ?" ಇಲ್ಲಿ ಎಫ್ ಎಂದವರು ಬಿಳಿ ಮನೆಗಳನ್ನೇ ನಂಬಿಕೊಂಡಿದ್ದಾರೆ. ಎಫ್ ಶಾರ್ಪ್ ಎಂದವರಿಗೆ 'ಸ' ಎನ್ನುವುದು ಜಾಗದ ಹೆಸರಲ್ಲ ಎಂದು ಅರ್ಥವಾಗಿದೆ. ವಿಡಿಯೋ ಕಾಲಿನಲ್ಲಿ ಕಲಿಯುವ ಹೊರದೇಶದ ಮಕ್ಕಳಿಗೆ ಇದು ತುಂಬ ಸುಲಭ, ಶಾಲೆಯ ಆರ್ಕೆಸ್ಟ್ರಾದಲ್ಲಿ ಸ್ಟಾಫ್ (ಐದು ಗೆರೆಯ ಪಾಶ್ಚಾತ್ಯ ಲಿಪಿ) ಓದಿ ಅಭ್ಯಾಸವಾಗಿರುತ್ತದೆ. ಅವರು ತಡವರಿಸುವುದು ತಾಳ ಕೈಯಲ್ಲಿ ಹಾಕುವಾಗ. ಜೊತೆಗೆ ವಿಡಿಯೋ ಕಾಲಿನಲ್ಲಿ ಧ್ವನಿ ತಡವಾಗಿ ಬರುತ್ತದೆ, ಹಾಗಾಗಿ ನಾನು ತಾಳ ಹಾಕಿ ಅವರನ್ನು ಹಾಡಿಸುವ ಪರೀಕ್ಷೆ ನಡೆಯುವುದೇ ಇಲ್ಲ. ಅವರೇ ಹಾಕಿ, ಅವರೇ ಹಾಡಿ, ರೆಕಾರ್ಡ್ ಮಾಡಿ ಕಳಿಸಬೇಕು.

ನಾನು ಈಗ ಮಾಡುವುದು

ಗೀತೆಯವರೆಗಿನ ಮಕ್ಕಳಿಗೆ ಎರಡು ತಿಂಗಳಿಗೊಮ್ಮೆ ಬಾಯಿಮಾತಿನದು, ಅದರ ಕೊನೆಗೆ ಎರಡು ನಿಮಿಷ ಕಿವಿಯದು. ಗೀತೆ ಮುಗಿದ ಮೇಲೆ ಸ್ವರಲಿಪಿ ಸೇರಿಸುತ್ತೇನೆ. ವರ್ಣದವರಿಗೆ ವರ್ಷಕ್ಕೆ ಎರಡು ಸಲ ಒಂದು ಗಂಟೆಯ ಬರಹದ ಪತ್ರಿಕೆ, ಪುಸ್ತಕ ತೆರೆದಿಟ್ಟುಕೊಂಡು. ಹೌದು, ತೆರೆದಿಟ್ಟುಕೊಂಡೇ. ಪುಸ್ತಕ ನೋಡಿ ಬರೆಯಬಹುದಾದ ಪ್ರಶ್ನೆ ಇದ್ದರೆ ಅದು ನನ್ನ ಸೋಮಾರಿತನ. ಕ್ವಿಝ್ ರಜೆಯಲ್ಲಿ ಮಾತ್ರ. ಹೊರಗಿನ ಪರೀಕ್ಷೆಗೆ ಕಟ್ಟುವವರಿಗೆ ಕೊನೆಯ ಮೂರು ತಿಂಗಳು ಹಳೆಯ ಪತ್ರಿಕೆ ಬಿಡಿಸುತ್ತೇನೆ. ಅದು ಬೇರೆ ಕೆಲಸ, ಬೇಕಾದ ಕೆಲಸವೂ ಹೌದು.

ಬರೆಯುವ ಪತ್ರಿಕೆಯ ದಿನ ಕೋಣೆಯಲ್ಲಿ ಶ್ರುತಿ ಹಾಕಿಯೇ ಇಡುತ್ತೇನೆ. ಮಾತಾಡಬಾರದು, ಗುನುಗಬಹುದು. ಹೊಸದಾಗಿ ಬಂದ ಮಕ್ಕಳು ಮೊದಲ ಹತ್ತು ನಿಮಿಷ ಬಿಗಿಯಾಗಿ ತುಟಿ ಮುಚ್ಚಿ ಬರೆಯುತ್ತಾರೆ, ಶಾಲೆಯಲ್ಲಿ ಇದ್ದ ಹಾಗೆ. ಕಳೆದ ಸಲ ಚಕ್ರವಾಕದ ಪ್ರಶ್ನೆ ಬಂದಾಗ ಕಿಟಕಿಯ ಪಕ್ಕ ಕೂತಿದ್ದವಳೊಬ್ಬಳು ಪೆನ್ನು ಕೆಳಗಿಟ್ಟು, ತೊಡೆ ಮೇಲೆ ಕೈ ಇಟ್ಟುಕೊಂಡು ಸಣ್ಣಗೆ ಶುರು ಮಾಡಿದಳು. ಅವಳ ರಿಷಭ ಕೇಳಿ ಎದುರಿಗಿದ್ದ ಹುಡುಗ ತನ್ನ 26 ಹೊಡೆದುಹಾಕಿದ. ಕಾಪಿ ಹೊಡೆದ ಎಂದು ಅವಳು ನನ್ನ ಕಡೆ ತಿರುಗಿ ದೂರು ಹೇಳಿದಳು. ಅವನು ಸ್ವರ ಕೇಳಿ ನಂಬರ್ ಕಂಡುಹಿಡಿದಿದ್ದಾನಲ್ಲ, ಅದಕ್ಕೆ ಎಷ್ಟು ಅಂಕ ಕೊಡುವುದು ಎಂದು ನಾನಿನ್ನೂ ತೀರ್ಮಾನ ಮಾಡಿಲ್ಲ.